ಅಪ್ಪನ ಕಾರು, ನೆರೆಯವರ ಉಸಿರು



2018ರ ಕ್ರಿಸ್ಮಸ್ ರಜೆಯಲ್ಲಿ ದೆಹಲಿಯಿಂದ ಊರಿಗೆ ಬಂದಿದ್ದ ಯುವಕನೊಬ್ಬ ಪೂಜೆ ಮುಗಿದ ಮೇಲೆ ತಾಯಿಯೊಡನೆ ನನ್ನ ಬಳಿ ಬಂದ. ದಿವಂಗತ ತಂದೆ 2008ರಲ್ಲಿ ದೆಹಲಿಯಲ್ಲಿ ಕೊಂಡಿದ್ದ ಡೀಸೆಲ್ ಕಾರಿನ ವಿಷಯ. "ಸ್ವಾಮಿ, ಹತ್ತು ವರ್ಷ ತುಂಬಿತು. ಅಲ್ಲಿ ಇನ್ನು ಓಡಿಸುವ ಹಾಗಿಲ್ಲ. ಊರಿಗೆ ತಂದು ಓಡಿಸಿದರೆ ತಪ್ಪೇ?" ಎಂದು ಕೇಳಿದ. ತಾಯಿಯ ಚಿಂತೆ ಬೇರೆ: "ತೀರ್ಥ ಹಾಕಿ ಆಶೀರ್ವದಿಸಿದ ಗಾಡಿಯನ್ನು ಗುಜರಿಗೆ ಕೊಡಬಹುದೇ?"

ತಾಯಿಗೆ ಉತ್ತರ ಹೇಳುವುದು ಸುಲಭವಾಯಿತು. ವಾಹನವನ್ನು ಆಶೀರ್ವದಿಸುವಾಗ ನಾವು ಬೇಡುವುದು ಅದರಲ್ಲಿ ಪಯಣಿಸುವವರ ಕ್ಷೇಮವನ್ನು. ತಗಡು ಚಿರಕಾಲ ಬಾಳಲಿ ಎಂದಲ್ಲ. ಜಪಮಾಲೆಯನ್ನು ಬಿಚ್ಚಿ ಮನೆಗೆ ತನ್ನಿ ಎಂದೆ. ಆದರೆ ಆಕೆಯ ಕಣ್ಣೀರನ್ನು ಬರಿಯ ವ್ಯಾಮೋಹವೆಂದು ತಳ್ಳಿಹಾಕಲು ಮನಸ್ಸು ಬರಲಿಲ್ಲ. ಗಂಡನನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದು ಅದೇ ಕಾರಿನಲ್ಲಿ. ಮುಂದಿನ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸಲು ಆಕೆ ಬಿಡುತ್ತಿರಲಿಲ್ಲವಂತೆ.

ಮಗನ ಪ್ರಶ್ನೆ ಕಷ್ಟದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರಲ್ಲಿ 15 ವರ್ಷ ಮೀರಿದ ವಾಹನಗಳನ್ನೂ 2015ರಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ ದೆಹಲಿಯ ರಸ್ತೆಗಳಿಂದ ನಿಷೇಧಿಸಿತು. ಸುಪ್ರೀಂ ಕೋರ್ಟು 2018ರ ಅಕ್ಟೋಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. "ನಮ್ಮ ಗಾಡಿ ಹೊಗೆ ತಪಾಸಣೆಯಲ್ಲಿ ಪಾಸಾಗಿದೆ ಸ್ವಾಮಿ" ಎಂದು ಅವನ ವಾದ. ಇಲ್ಲೊಂದು ಮಾತು ತಿಳಿದಿರಬೇಕು. ಆ ತಪಾಸಣೆಯಲ್ಲಿ ಡೀಸೆಲ್ ಹೊಗೆಯ ಸಾಂದ್ರತೆಯನ್ನು ನೋಡುತ್ತಾರೆಯೇ ಹೊರತು, ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸೂಕ್ಷ್ಮ ಕಣಗಳನ್ನು ಅಳೆಯುವುದಿಲ್ಲ. ಭಾರತ್ ಸ್ಟೇಜ್ 3ರ ಡೀಸೆಲ್ ಕಾರು ಕಿಲೋಮೀಟರಿಗೆ 50 ಮಿಲಿಗ್ರಾಂ ಕಣಗಳನ್ನು ಉಗುಳಬಹುದಿತ್ತು. ಸ್ಟೇಜ್ 4ರಲ್ಲಿ ಆ ಮಿತಿ 25ಕ್ಕೆ ಇಳಿಯಿತು. 2020ರಲ್ಲಿ ಬಂದ ಸ್ಟೇಜ್ 6ರಲ್ಲಿ 4.5ಕ್ಕೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ 2012ರಲ್ಲೇ ಹೇಳಿದೆ.

ಕಾನೂನು ಎಂದರೆ ಸರ್ವಜನರ ಹಿತಕ್ಕಾಗಿ ವಿವೇಕ ಮಾಡುವ ಏರ್ಪಾಡು ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಹಾಗಾದರೆ ಕಾನೂನಿಗೂ ನಾವು ಪ್ರಶ್ನೆ ಹಾಕಬಹುದು. ಹೊಗೆಯನ್ನು ಬಿಟ್ಟು ವಯಸ್ಸನ್ನು ಎಣಿಸುವ ನಿಯಮ ಒರಟಾದದ್ದು ಎಂದೇ ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಪೂಜೆಗೆ ಹೋಗಿಬರುವ ಕಾರನ್ನೂ ದಿನವಿಡೀ ಓಡುವ ಕಾರನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸಾಲ ತೀರಿಸುವುದರೊಳಗೆ ಗಾಡಿ ಕಳೆದುಕೊಳ್ಳುವ ಬಡ ಚಾಲಕನ ಗತಿಯೇನು? ಸುಪ್ರೀಂ ಕೋರ್ಟು ಸಹ 2025ರ ಆಗಸ್ಟ್‌ನಲ್ಲಿ ಹಳೆಯ ವಾಹನಗಳ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಸ್ಟೇಜ್ 4 ಮತ್ತು ಅದರ ನಂತರದ ವಾಹನಗಳಿಗಷ್ಟೇ ಉಳಿಸಿತು. ಎಣಿಕೆ ವಯಸ್ಸಿನಿಂದ ಹೊಗೆಯ ಕಡೆಗೆ ಸ್ವಲ್ಪ ಸರಿದಂತಾಯಿತು. ಇದು ಒಳ್ಳೆಯದೇ. ಆದರೆ ಆ ಯುವಕನ ಕಾರು ಸ್ಟೇಜ್ 3ರದು. ಈ ರಿಯಾಯಿತಿ ಆಗಲೇ ಇದ್ದಿದ್ದರೂ ಅದಕ್ಕೆ ದಕ್ಕುತ್ತಿರಲಿಲ್ಲ.

ಇನ್ನು ಊರಿಗೆ ತರುವ ಮಾತು. ವಾಹನ ದಟ್ಟಣೆ ಕಡಿಮೆಯಿರುವ ಕಡೆಗಳಿಗೆ ಸಾಗಿಸಲು ನಿರಾಕ್ಷೇಪಣಾ ಪತ್ರ ಪಡೆಯುವ ದಾರಿ ಇತ್ತು. ಕಾನೂನಿನ ಪ್ರಕಾರ ತಪ್ಪಿಲ್ಲ. ಗಾಳಿ ಧಾರಾಳವಾಗಿರುವ ಕಡೆ ಒಂದು ಕಾರಿನ ಹೊಗೆ ಬೇಗ ಚದುರಿಹೋಗುತ್ತದೆ ಎಂಬುದೂ ನಿಜವೇ. ಆದರೆ ರಾಜಧಾನಿಯವರ ಎದೆಗೆ ಸಲ್ಲದ ಹೊಗೆ ನಮ್ಮೂರ ಮಕ್ಕಳ ಎದೆಗೆ ಸಲ್ಲುತ್ತದೆಯೇ? ನೆರೆಯವನು ಯಾರು ಎಂಬ ಹಳೆಯ ಪ್ರಶ್ನೆ ಇಲ್ಲೂ ಇದೆ. ನಾನು "ತರಬೇಡಿ" ಎನ್ನಲಿಲ್ಲ. "ಅದನ್ನು ದಿನಾ ಎಲ್ಲಿ ಓಡಿಸುತ್ತೀರಿ?" ಎಂದು ಮಾತ್ರ ಕೇಳಿದೆ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆ ಶಾಲೆಯ ಗೇಟಿನ ಎದುರಿಗೇ ಅಲ್ಲವೇ ಮಗಾ" ಎಂದರು.

ನಿಮ್ಮಲ್ಲೂ ಯಾರಿಗಾದರೂ ಇಂಥ ಸಂದರ್ಭ ಬಂದರೆ, ಗಾಡಿಯನ್ನು ಬೀದಿಯ ಗುಜರಿಯವನಿಗೆ ಕೊಡದೆ ನೋಂದಾಯಿತ ಕೇಂದ್ರಕ್ಕೇ ಕೊಟ್ಟು ಪ್ರಮಾಣಪತ್ರ ಪಡೆಯಿರಿ. ಅದರ ಆಧಾರದ ಮೇಲೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು 2021ರ ಕೇಂದ್ರ ನಿಯಮದಲ್ಲಿ ಅವಕಾಶ ಮಾಡಲಾಯಿತು.

ಆ ಮನೆಯವರು ಹೊಸ ಕಾರು ಕೊಳ್ಳಲಿಲ್ಲ. ಮಗ ಮೆಟ್ರೋದಲ್ಲಿ ಕೆಲಸಕ್ಕೆ ಹೋಗತೊಡಗಿದ. ಜಪಮಾಲೆ ಊರಿನ ಮನೆಯ ಪೀಠದ ಮೇಲೆ, ಅಪ್ಪನ ಭಾವಚಿತ್ರದ ಪಕ್ಕದಲ್ಲಿದೆ. ಕಾರಿನ ಬೀಗದ ಕೈಯೊಂದನ್ನು ತಾಯಿ ಕೊಡದೆ ಇಟ್ಟುಕೊಂಡಿದ್ದಾರೆಂದು ಮಗ ಆಮೇಲೆ ನಗುತ್ತಾ ಹೇಳಿದ.