ನಿದ್ದೆಮಾತ್ರೆ ನುಂಗಿ ನಡುರಾತ್ರಿ ಒಲೆ ಹಚ್ಚಿದರೆ

ನಿದ್ದೆಮಾತ್ರೆ ನುಂಗಿದ ನಿಮ್ಮ ಅಮ್ಮ ನಡುರಾತ್ರಿ ಒಲೆ ಹಚ್ಚಿ, ಬಿದ್ದು ಕೈ ಮುರಿದುಕೊಂಡ ಮಾತ್ರಕ್ಕೆ ಅವರಿಗೆ ಅರಳುಮರಳು ಎಂದು ಈಗಲೇ ತೀರ್ಮಾನಿಸಬೇಡಿ. ನಿದ್ದೆಗಣ್ಣಲ್ಲಿ ನಡೆಯುವುದು, ಅಡುಗೆ ಮಾಡುವುದು, ಬೆಳಿಗ್ಗೆ ಅದರ ನೆನಪೇ ಇಲ್ಲದಿರುವುದು ಅವರು ನುಂಗುವ ಜೋಲ್ಪಿಡೆಮ್ ಎಂಬ ನಿದ್ದೆಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಇದಕ್ಕಾಗಿಯೇ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಹೆಂಗಸರ ಆರಂಭದ ಡೋಸನ್ನು 2013ರಲ್ಲೇ 10ರಿಂದ 5 ಮಿಲಿಗ್ರಾಂಗೆ ಇಳಿಸಿತ್ತು. ಎಪ್ಪತ್ತರ ಹತ್ತಿರದ ನಿಮ್ಮ ಅಮ್ಮನ ಚೀಟಿಯಲ್ಲಿರುವುದು 10!

ಇವತ್ತೇ ಡಾಕ್ಟರಿಗೆ ತಿಳಿಸಿ. ಹೀಗೆ ಒಮ್ಮೆ ಆದರೂ ಮಾತ್ರೆ ಬಿಡಿಸಬೇಕು. ತಿಂಗಳುಗಟ್ಟಲೆ ನುಂಗಿದವರು ಹೇಗೆ ಬಿಡಬೇಕೆಂದು ಡಾಕ್ಟರೇ ಹೇಳಲಿ. ಅಲ್ಲಿಯವರೆಗೆ ರಾತ್ರಿ ಸಿಲಿಂಡರ್ ರೆಗ್ಯುಲೇಟರ್ ಆಫ್ ಇರಲಿ.

ಇನ್ನು ಡಾಕ್ಟರ ಮೇಲೆ ಕೇಸು ಹಾಕುವ ಮಾತು. ಅಡ್ಡಪರಿಣಾಮ ಆದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು. ಎಚ್ಚರಿಕೆ ಹೇಳಲಿಲ್ಲ, ವಯಸ್ಸಿಗೆ ತಕ್ಕ ಡೋಸ್ ಕೊಡಲಿಲ್ಲ, ಅದರಿಂದಲೇ ಬಿದ್ದು ಕೈ ಮುರಿಯಿತು ಎಂದು ನೀವು ತೋರಿಸಬೇಕು. ಅಮ್ಮ ಆಸ್ಪತ್ರೆಗೆ ಅಡ್ಮಿಟ್ ಆಗಿದ್ದಾಗಿನ ದಾಖಲೆಗಳನ್ನು ಬರವಣಿಗೆಯಲ್ಲೇ ಕೇಳಿ, 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಟ್ಟಿದ್ದರೆ ಅದೂ ತಪ್ಪು: ಇದು ಎಚ್‌1 ಪಟ್ಟಿಯ ಔಷಧ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಹಣ ಕೊಟ್ಟು ಪಡೆದ ಚಿಕಿತ್ಸೆಯಾದ್ದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ, ಆದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೈಯಲ್ಲಿರಲಿ.