ಸದ್ಯಕ್ಕೆ ಅಂತ ಬಂದ್ ಮಾಡಬೇಡ, ತಮ್ಮಾ

ನಿನ್ನ ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಉಳಿದವರು ಗಿರಮಿಟ್ ತಿಂದು ಚಹಾ ಕುಡಿದು ಬರುವಷ್ಟರಲ್ಲಿ ನೀನು ಲಿನಕ್ಸ್ ಹಾಕಿ, ಡಿಸ್ಕ್ ಜೋಡಿಸಿ, ಸಾಂಬಾ ಚಾಲೂ ಮಾಡಿ, ಆಫೀಸಿನ ಎಲ್ಲ ವಿಂಡೋಸ್ ಕಂಪ್ಯೂಟರಿಗೂ ದಾಖಲೆಯ ಫೋಲ್ಡರ್ ಕಾಣುವ ಹಾಗೆ ಮಾಡಿರುತ್ತೀಯ. ಆಮೇಲೆ ಯಾವುದೋ ಒಂದು ಫೈಲು ತೆರೆಯುವುದಿಲ್ಲ. ಅಲ್ಲಿಂದ ಮುಂದಿನ ನಿನ್ನ ಕಥೆ ನನಗೆ ಬಾಯಿಪಾಠ. ಮೊದಲು ಸಿಎಚ್‌ಮಾಡ್ 777. ಆಗಲಿಲ್ಲವೇ, ಸೆಟ್‌ಎನ್‌ಫೋರ್ಸ್ 0. ಫೈಲು ತೆರೆಯಿತು, ನಿನ್ನ ಮುಖ ಅರಳಿತು. ಯಾರಾದರೂ ಕೇಳಿದರೆ ಉತ್ತರ ತಯಾರು: "ಸದ್ಯಕ್ಕ ಬಂದ್ ಇಟ್ಟೀನ್ರೀ ಸರ, ಆಮ್ಯಾಲೆ ಚಾಲೂ ಮಾಡ್ತೀನಿ."

ಆ ಆಮ್ಯಾಲೆ ಬಂದದ್ದನ್ನು ನಾನು ಕಂಡಿಲ್ಲ. ಬರುವುದು ಏನು ಗೊತ್ತೇ? ಒಂದು ದಿನ ಕರೆಂಟು ಹೋಗುತ್ತದೆ, ಯುಪಿಎಸ್ಸೂ ಕೈ ಕೊಡುತ್ತದೆ, ಸರ್ವರ್ ಮರಳಿ ಏಳುತ್ತದೆ. ಸೆಟ್‌ಎನ್‌ಫೋರ್ಸ್ 0 ಅನ್ನುವುದಕ್ಕೆ ರೀಬೂಟಿನ ತನಕ ಮಾತ್ರ ಆಯುಷ್ಯ. ಅದು ಮಲಗಿಸಿದ್ದ ಕಾವಲುಗಾರ ಎಸ್‌ಇಲಿನಕ್ಸ್ ಮತ್ತೆ ಎಚ್ಚರಾಗಿ ಕೂತಿರುತ್ತದೆ, ಫೈಲು ಮತ್ತೆ ತೆರೆಯುವುದಿಲ್ಲ, ಕೌಂಟರಿನಲ್ಲಿ ಜನ ನಿಂತಿರುತ್ತಾರೆ. ಆ ಗಡಿಬಿಡಿಯಲ್ಲಿ ನೀನು ಕಾನ್ಫಿಗ್ ಫೈಲಿಗೇ ಕೈ ಹಾಕಿ 'ಡಿಸೇಬಲ್ಡ್' ಅಂತ ಬರೆದುಬಿಡುತ್ತೀಯ. ನೆಗಡಿಗೆ ಮೂಗು ಕೊಯ್ದ ಹಾಗಾಯಿತು.

ಮೊದಲು ಈ ಎಸ್‌ಇಲಿನಕ್ಸ್ ಯಾಕಿದೆ ಅಂತ ತಿಳಿದುಕೊ. ಸಾಮಾನ್ಯ ಲಿನಕ್ಸಿನಲ್ಲಿ ಫೈಲಿನ ಮಾಲೀಕ ಯಾರಿಗೆ ಬಿಡಬೇಕೋ ಅವರಿಗೆ ಬಿಡುತ್ತಾನೆ, ರೂಟ್ ಅನ್ನುವವನಿಗಂತೂ ತಡೆಯೇ ಇಲ್ಲ. ಎಸ್‌ಇಲಿನಕ್ಸ್ ತರುವ ಕಡ್ಡಾಯ ಪ್ರವೇಶ ನಿಯಂತ್ರಣದಲ್ಲಿ ಮಾಲೀಕನ ಮರ್ಜಿಯ ಮೇಲೂ ಇಡೀ ಯಂತ್ರಕ್ಕೆ ಒಂದೇ ನಿಯಮಾವಳಿ ಇರುತ್ತದೆ. ಒಂಟಿ ಹಳಿಯ ಕಾಲದಲ್ಲಿ ರೈಲು ಗಾಡಿ ಓಡಿಸಿದ ಹಿರಿಯರು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ, ಕೇಳಿ ನೋಡು. ಡ್ರೈವರ್ ಎಷ್ಟೇ ಸೀನಿಯರ್ ಇರಲಿ, ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಸೆಕ್ಷನ್ನಿನ ಟೋಕನ್ ಕೈಗೆ ಬರದೆ ಗಾಡಿ ಸ್ಟೇಶನ್ ಬಿಡುತ್ತಿರಲಿಲ್ಲ. ಆ ಟೋಕನ್ನಾದರೂ ಮುಂದಿನ ಸ್ಟೇಶನ್ನಿನ ತನಕ ಮಾತ್ರ. ಹಾಗೆಯೇ ಸಾಂಬಾದ ಎಸ್‌ಎಂಬಿಡಿ ಪ್ರೋಗ್ರಾಮ್ ರೂಟ್ ಹೆಸರಿನಲ್ಲಿ ಓಡುತ್ತದೆ, ಆದರೂ ಎಸ್‌ಇಲಿನಕ್ಸ್ ಅದಕ್ಕೆ ಬಿಡುವುದು ಗೊತ್ತುಮಾಡಿದ ಲೇಬಲ್ಲಿನ ಫೈಲುಗಳನ್ನಷ್ಟೇ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎಸ್‌ಇಲಿನಕ್ಸನ್ನು 2000ದ ಡಿಸೆಂಬರಿನಲ್ಲಿ ಹೊರಗೆ ಬಿಟ್ಟಿತು, 2003ರಲ್ಲಿ ಲಿನಕ್ಸ್ ಕರ್ನಲ್ 2.6ರ ಒಳಗೆ ಸೇರಿತು. ನೀನು ಶಾಲೆಗೆ ಹೋಗುವ ಮೊದಲೇ ಬಂದ ಹಳೆಯ ಸಾಮಾನು. ನಿನ್ನನ್ನು ಕಾಡಲೆಂದು ನಿನ್ನೆ ಯಾರೋ ತಂದದ್ದಲ್ಲ.

ಈಗ ಆ ತೆರೆಯದ ಫೈಲಿಗೆ ಬಾ. ನಾನು ಕಣ್ಣಾರೆ ಕಂಡ ಕೇಸು ಹೇಳುತ್ತೇನೆ. ಒಂದು ಆಫೀಸಿನಲ್ಲಿ ಜಮೀನಿನ ಹಳೆಯ ಉತಾರಗಳನ್ನೆಲ್ಲ ಸ್ಕ್ಯಾನ್ ಮಾಡಿ ಸರ್ವರಿಗೆ ಹಾಕುತ್ತಿದ್ದರು. ಒಂದೇ ಫೋಲ್ಡರಿನಲ್ಲಿ ಕೆಲವು ಉತಾರ ತೆರೆಯುತ್ತಿದ್ದವು, ಕೆಲವು ಇಲ್ಲ. ಮಾಲೀಕ ಅವನೇ, ಪರ್ಮಿಶನ್ ಅದೇ. ಹುಡುಗರು ಡಿಸ್ಕ್ ಕೆಟ್ಟಿದೆ ಅಂದರು, ಸ್ವಿಚ್ಚಿಗೆ ಬೈದರು, ವಿಂಡೋಸಿಗೆ ಬೈದರು. ಆಡಿಟ್ ಲಾಗ್ ಒಂದನ್ನು ಬಿಟ್ಟು ಎಲ್ಲ ನೋಡಿದರು. ಲಾಗಿನಲ್ಲಿ ಒಂದೇ ಸಾಲು ಸಾಕಿತ್ತು: 'ಎವಿಸಿ ಡಿನೈಡ್', ಕೇಳಿದವನು ಎಸ್‌ಎಂಬಿಡಿ, ಕೇಳಿದ್ದು ರೀಡ್, ಅವನ ಲೇಬಲ್ ಎಸ್‌ಎಂಬಿಡಿ_ಟಿ, ಫೈಲಿನ ಲೇಬಲ್ ಯೂಸರ್_ಹೋಮ್_ಟಿ. ಎಲ್‌ಎಸ್‌ಗೆ ದೊಡ್ಡಕ್ಷರದ ಜೆಡ್ ಹಚ್ಚಿ ನೋಡಿದರೆ ಗುಟ್ಟು ರಟ್ಟು. ತೆರೆಯುವ ಫೈಲುಗಳಿಗೆ ಸಾಂಬಾ_ಶೇರ್_ಟಿ, ತೆರೆಯದವಕ್ಕೆ ಯೂಸರ್_ಹೋಮ್_ಟಿ. ಆಪರೇಟರ್ ತನ್ನ ಹೋಮ್ ಫೋಲ್ಡರಿಗೆ ಸ್ಕ್ಯಾನ್ ಮಾಡಿ, ಒಮ್ಮೊಮ್ಮೆ ಸಿಪಿ ಮಾಡುತ್ತಿದ್ದ, ಒಮ್ಮೊಮ್ಮೆ ಎಂವಿ. ಸಾದಾ ಸಿಪಿ ಮಾಡಿದರೆ ಹೊಸ ಫೈಲು ಹುಟ್ಟಿ, ಹೋದ ಫೋಲ್ಡರಿನ ಲೇಬಲ್ ಪಡೆಯುತ್ತದೆ. ಎಂವಿ ಮಾಡಿದರೆ ಹಳೆಯ ಲೇಬಲ್ಲನ್ನೇ ಹೊತ್ತುಕೊಂಡು ಬರುತ್ತದೆ. ಇಷ್ಟೇ.

ಇಲ್ಲಿ ನಿನ್ನ ಸ್ವಭಾವದ ಪರೀಕ್ಷೆ ಇದೆ. ಹುಡುಕಿದರೆ ಸಾಂಬಾಕ್ಕೆ ಹೋಮ್ ಫೋಲ್ಡರುಗಳನ್ನೆಲ್ಲ ಬಿಟ್ಟುಕೊಡುವ ಒಂದು ಬೂಲಿಯನ್, ಅಂದರೆ ಚಾಲೂ-ಬಂದ್ ಗುಂಡಿ, ಸಿಗುತ್ತದೆ, ಎಲ್ಲವನ್ನೂ ಓದಿ ಬರೆಯಲು ಬಿಡುವ ಇನ್ನೊಂದು ಸಿಗುತ್ತದೆ. ಚಾಲೂ ಮಾಡಿದರೆ ನಿನ್ನ ಫೈಲು ಆ ಕ್ಷಣವೇ ತೆರೆಯುತ್ತದೆ. ಆಡಿಟ್-ಟು-ಅಲೋ ಅನ್ನುವ ಸಾಧನಕ್ಕೆ ಲಾಗ್ ಕೊಟ್ಟರಂತೂ ಕೇಳಿದ್ದಕ್ಕೆಲ್ಲ ಹೂಂ ಅನ್ನುವ ನಿಯಮ ಬರೆದುಕೊಡುತ್ತದೆ. ಒಂದು ಬಾಗಿಲು ಬೇಕಾದವನು ಗೋಡೆ ಕೆಡವಬಾರದು, ತಮ್ಮಾ. ಫೈಲಿಗೆ ತಪ್ಪು ಲೇಬಲ್ ಇದ್ದರೆ ಲೇಬಲ್ ತಿದ್ದು, ಪ್ರವೇಶದ ನಿಯಮ ಸಡಿಲಿಸಬೇಡ. ಬೂಲಿಯನ್ ನಿಜವಾಗಿ ಬೇಕಾದಾಗ ಹಾಕು, ಅದು ಏನೇನನ್ನು ಬಿಡುತ್ತದೆ ಅಂತ ಓದಿ ಹಾಕು. ಹಾಕುವಾಗ ದೊಡ್ಡಕ್ಷರದ ಪಿ ಮರೆಯಬೇಡ, ಮರೆತರೆ ರೀಬೂಟಿಗೆ ಹೋಯಿತು.

ಲೇಬಲ್ ತಿದ್ದುವುದರಲ್ಲೂ ಅವಸರದವರದ್ದೊಂದು ದಾರಿ ಇದೆ, ಸಿಎಚ್‌ಕಾನ್. ಅದು ಫೈಲಿನ ಮೇಲೆ ಮಾತ್ರ ಬರೆಯುತ್ತದೆ, ನಿಯಮಾವಳಿಗೆ ಸುದ್ದಿ ಮುಟ್ಟಿಸುವುದಿಲ್ಲ. ನಾಳೆ ಡಿಸ್ಕ್ ಬದಲಾಗಿ, ಲೇಬಲ್ ಉಳಿಸದ ಬ್ಯಾಕಪ್ಪಿನಿಂದ ಫೈಲು ಮರಳಿ ತಂದ ದಿನ ನಿನ್ನ ತಿದ್ದುಪಡಿಯ ಗುರುತೂ ಇರುವುದಿಲ್ಲ. ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಿಂದ ಆ ಹಾದಿಗೆ ಸಾಂಬಾ_ಶೇರ್_ಟಿ ಅಂತ ನಿಯಮವೇ ಬರೆ. ಹಾದಿಯ ಬಾಲಕ್ಕೆ ಒಂದು ವಿಚಿತ್ರ ಗುರುತು ಹಚ್ಚಬೇಕು: ಕಂಸದೊಳಗೆ ಓರೆಗೆರೆ, ಚುಕ್ಕೆ, ನಕ್ಷತ್ರ, ಕಂಸ ಮುಚ್ಚಿದ ಮೇಲೆ ಪ್ರಶ್ನಾರ್ಥಕ. ಅದನ್ನು ಬಿಟ್ಟರೆ ಫೋಲ್ಡರಿಗೆ ಮಾತ್ರ ನಿಯಮ, ಒಳಗಿನ ಫೈಲುಗಳು ಅನಾಥ. ಬರೆದಾದ ಮೇಲೆ ಕೈಕಟ್ಟಿ ಕೂರಬೇಡ. ಸೆಮ್ಯಾನೇಜ್ ನಿಯಮ ಬರೆಯುತ್ತದೆ ಅಷ್ಟೇ, ಫೈಲುಗಳಿಗೆ ಹಚ್ಚುವುದು ರಿಸ್ಟೋರ್‌ಕಾನ್. ಎಂವಿ ಮಾಡುವ ಆಪರೇಟರಿಗೆ ಅದರ ಜೊತೆ ದೊಡ್ಡಕ್ಷರದ ಜೆಡ್ ಹಾಕಲು ಕಲಿಸು, ಅರ್ಧ ತಲೆನೋವು ಕಡಿಮೆ.

ಲಾಗಿನಲ್ಲಿ ಏನೂ ಇಲ್ಲ ಅಂತೀಯಾ? ಹಾಗಿದ್ದರೆ ನಿನ್ನ ಪರ್ಮಿಶನ್ನುಗಳನ್ನೇ ನೋಡು. ಕರ್ನಲ್ ಮೊದಲು ಹಳೆಯ ಲೆಕ್ಕ ನೋಡುತ್ತದೆ, ಅಲ್ಲಿ ಪಾಸಾದವರು ಮಾತ್ರ ಎಸ್‌ಇಲಿನಕ್ಸಿನ ಮುಂದೆ ಬರುತ್ತಾರೆ. ಕೆಲವು ನಿರಾಕರಣೆಗಳನ್ನು ಅದು ಸುಮ್ಮನೆ ನುಂಗುವುದೂ ಉಂಟು. ಸೆಮಾಡ್ಯೂಲ್‌ಗೆ ಡಿಬಿ ಹಚ್ಚಿದರೆ ಅವೂ ಹೊರಬರುತ್ತವೆ. ಕೆಲಸ ಮುಗಿದ ಮೇಲೆ ಬಿ ಒಂದನ್ನೇ ಕೊಟ್ಟು ಮೊದಲಿನಂತೆ ಮಾಡು. ಉಬುಂಟು ಹಾಕಿದ್ದರೆ ಅಲ್ಲಿರುವುದು ಆಪ್‌ಆರ್ಮರ್, ಅದು ಲೇಬಲ್ ನೋಡುವುದಿಲ್ಲ, ಹಾದಿ ನೋಡುತ್ತದೆ. ಆದರೂ ಬುದ್ಧಿ ಅದೇ: ಬಂದ್ ಮಾಡುವ ಮೊದಲು ಲಾಗ್ ಓದು.

ಇಷ್ಟೆಲ್ಲ ಯಾಕೆ ಕೊರೆಯುತ್ತಿದ್ದೇನೆ? 2017ರ ಮೇ ತಿಂಗಳು ನೆನಪಿಸಿಕೊ. ವಾನಾಕ್ರೈ ರ‍್ಯಾನ್ಸಮ್‌ವೇರಿನ ಗಲಾಟೆ ಇನ್ನೂ ತಣ್ಣಗಾಗಿರಲಿಲ್ಲ, 24ನೇ ತಾರೀಖಿಗೆ ಸಾಂಬಾದಲ್ಲೇ ಒಂದು ತೂತು ಇದೆ ಅಂತ ಸುದ್ದಿ ಬಂತು. 2010ರಲ್ಲಿ ಬಂದ 3.5 ಆವೃತ್ತಿಯಿಂದಲೂ ಅದು ಇತ್ತು. ಬರೆಯುವ ಅಧಿಕಾರ ಇದ್ದ ಯಾರೇ ಆಗಲಿ ಹಂಚಿಕೆಯ ಫೋಲ್ಡರಿಗೆ ಒಂದು ಲೈಬ್ರರಿ ಫೈಲು ಹಾಕಿ, ಸರ್ವರ್ ಅದನ್ನೇ ಎತ್ತಿಕೊಂಡು ರೂಟ್ ಆಗಿ ಓಡಿಸುವ ಹಾಗೆ ಮಾಡಬಹುದಿತ್ತು. ರೆಡ್ ಹ್ಯಾಟ್ ಆಗ ಹೇಳಿದ್ದು ಕೇಳು: ಎಸ್‌ಇಲಿನಕ್ಸ್ ಮೂಲ ನಿಯಮಗಳೊಂದಿಗೆ ಚಾಲೂ ಇದ್ದರೆ ಸಾಂಬಾ ತನ್ನ ಮಾಡ್ಯೂಲುಗಳ ಜಾಗ ಬಿಟ್ಟು ಬೇರೆ ಕಡೆಯಿಂದ ಲೈಬ್ರರಿ ಎತ್ತಲಾರದು, ಈ ದಾಳಿ ಅಲ್ಲೇ ನಿಲ್ಲುತ್ತದೆ. ಪ್ಯಾಚ್ ಬರುವ ಮೊದಲೇ ನಿಂತ ತಡೆ ಅದು. ಸದ್ಯಕ್ಕೆ ಅಂತ ಬಂದ್ ಇಟ್ಟಿದ್ದ ಸರ್ವರುಗಳಿಗೆ ಆ ಭಾಗ್ಯ ಇರಲಿಲ್ಲ.

ದೊಡ್ಡ ಸಂಗ್ರಹಕ್ಕೆ ಇದೆಲ್ಲ ಹೊಂದುವುದಿಲ್ಲ ಅಂತ ವಾದ ಹೂಡಬೇಡ. ಗ್ಲಸ್ಟರ್ ಅಂತ, ಹತ್ತಾರು ಸರ್ವರುಗಳ ಡಿಸ್ಕು ಸೇರಿಸಿ ಒಂದೇ ಕಣಜ ಮಾಡುವ ತಂತ್ರಾಂಶ ಇದೆ. ಅದರ ಹೆಚ್ಚಿನ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದದ್ದು. 2011ರಲ್ಲಿ ರೆಡ್ ಹ್ಯಾಟ್ ಅದರ ಕಂಪನಿಯನ್ನು ಸುಮಾರು 13 ಕೋಟಿ 60 ಲಕ್ಷ ಡಾಲರಿಗೆ ಕೊಂಡಿತು. 2015ರಲ್ಲಿ ರೆಡ್ ಹ್ಯಾಟ್ ಬಿಟ್ಟ 3.1 ಆವೃತ್ತಿಯಲ್ಲಿ ಅದಕ್ಕೂ ಎಸ್‌ಇಲಿನಕ್ಸ್ ಎನ್‌ಫೋರ್ಸಿಂಗ್ ಬೆಂಬಲ ಬಂತು. ಆ ಕಣಜದ ತುಂಡುಗಳಾದ ಬ್ರಿಕ್ಕುಗಳಿಗೆ ಗ್ಲಸ್ಟರ್‌ಡಿ_ಬ್ರಿಕ್_ಟಿ ಅಂತ ತನ್ನದೇ ಲೇಬಲ್ ಇದೆ. ಅಷ್ಟು ದೊಡ್ಡ ಸಂಸಾರ ನಿಯಮದಲ್ಲಿ ನಡೆಯುತ್ತದೆ ಅಂದರೆ ನಿನ್ನ ಒಂದು ಫೋಲ್ಡರಿಗೆ ಏನು ಧಾಡಿ?

ತೀರಾ ಸಿಕ್ಕಿಕೊಂಡರೆ ಎಸ್‌ಎಂಬಿಡಿ_ಟಿ ಒಂದನ್ನೇ ಪರ್ಮಿಸಿವ್ ಮಾಡು, ಅದಕ್ಕೆ ಸೆಮ್ಯಾನೇಜ್‌ನಲ್ಲಿ ದಾರಿ ಇದೆ. ಉಳಿದ ಯಂತ್ರ ಭದ್ರವಾಗಿರುತ್ತದೆ, ಲಾಗೂ ಬೀಳುತ್ತಿರುತ್ತದೆ. ಡಿಸೇಬಲ್ಡ್ ಮಾತ್ರ ಬೇಡ. ಆ ಸ್ಥಿತಿಯಲ್ಲಿ ಹುಟ್ಟಿದ ಫೈಲುಗಳಿಗೆ ಲೇಬಲ್ಲೇ ಇರುವುದಿಲ್ಲ. ಈಗಾಗಲೇ ಹಾಗೆ ಮಾಡಿಟ್ಟಿದ್ದರೆ ಶನಿವಾರ ಸಂಜೆ ಆಫೀಸು ಮುಚ್ಚಿದ ಮೇಲೆ ಪರ್ಮಿಸಿವ್‌ಗೆ ತಂದು, ಆಟೋರಿಲೇಬಲ್ ಫೈಲು ಇಟ್ಟು ರೀಬೂಟ್ ಮಾಡು. ಲಕ್ಷಗಟ್ಟಲೆ ಫೈಲುಗಳಿದ್ದರೆ ತಾಸುಗಟ್ಟಲೆ ಹಿಡಿಯುತ್ತದೆ, ನಡುವೆ ಸಿಟ್ಟಿಗೆದ್ದು ಪವರ್ ಬಟನ್ ಒತ್ತಬೇಡ. ಭಾನುವಾರ ಲಾಗ್ ಓದಿ, ತಿದ್ದಿ, ಎನ್‌ಫೋರ್ಸಿಂಗ್‌ಗೆ ಏರಿಸು. ಮಾಡಿದ್ದನ್ನೆಲ್ಲ ಸೆಮ್ಯಾನೇಜ್ ಎಕ್ಸ್‌ಪೋರ್ಟ್‌ನಿಂದ ಒಂದು ಫೈಲಿಗೆ ತೆಗೆದಿಡು. ಯಾವ ನಿಯಮ ಯಾಕೆ ಹಾಕಿದೆ ಅಂತ ತಾರೀಖು ಸಮೇತ ಚಾರ್ಜ್ ರಜಿಸ್ಟರಿನಲ್ಲಿ ಬರೆ. ನಾಳೆ ನೀನು ಬೆಂಗಳೂರಿನ ನೌಕರಿಗೆ ಹಾರಿದರೆ ಆ ಕುರ್ಚಿಗೆ ಬರುವ ಹುಡುಗಿ ಮೊದಲು ಹುಡುಕುವುದು ಅದನ್ನೇ.

ಸೋಮವಾರ ಕೌಂಟರ್ ತೆರೆಯುವ ಮೊದಲು ಗೆಟ್‌ಎನ್‌ಫೋರ್ಸ್ ಕೊಟ್ಟು ನೋಡು. 'ಎನ್‌ಫೋರ್ಸಿಂಗ್' ಅಂತ ಬಂದು, ನಿನ್ನ ಫೈಲೂ ತೆರೆದರೆ ನನಗೆ ಫೋನ್ ಮಾಡು. ತೆರೆಯದಿದ್ದರೂ ಮಾಡು. ಏನನ್ನೂ ಬಂದ್ ಮಾಡದೆ ಕೂತಿರು, ಬರುತ್ತೇನೆ, ಜೊತೆಗೆ ಲಾಗ್ ಓದೋಣ.