ಹಸು ಕೊಟ್ಟಿಗೆಯಲ್ಲೇ ಇರಲಿ, ಮಗಳು ಕಾಲೇಜಿಗೆ ಹೋಗಲಿ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಗರ್ಭಧಾರಣೆ, ಮೇವಿನ ವಿಚಾರ ಬರೆಯುತ್ತೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಕೊಟ್ಟಿಗೆಯಿಂದ ಒಳ್ಳೆಯ ಹಸು ಹೊರಟುಹೋಗಲು ರೋಗವೊಂದೇ ಕಾರಣವಲ್ಲ. ಮಕ್ಕಳ ಫೀಸು ಕಟ್ಟುವ ಕೊನೆಯ ದಿನವೂ ಒಂದು ಕಾರಣ.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ನಮ್ಮ ಸಂಘವೊಂದರ ಸದಸ್ಯೆ ಗಬ್ಬ ಪರೀಕ್ಷೆಗೆ ಕರೆದರು. ಎರಡನೇ ಸೂಲಿನ ಸೀಮೆ ಹಸು, ದಿನಕ್ಕೆ 11 ಲೀಟರ್ ಹಾಲು. ಪರೀಕ್ಷೆ ಮಾಡಿ, "ಮೂರು ತಿಂಗಳ ಗಬ್ಬ, ಚೆನ್ನಾಗಿದೆ" ಅಂದೆ. ಆಕೆ ನಗಲಿಲ್ಲ. "ಹಾಗಾದ್ರೆ ಒಳ್ಳೆ ರೇಟು ಸಿಗುತ್ತೆ ಬಿಡಿ ಡಾಕ್ಟ್ರಮ್ಮ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, 9,000 ಕಮ್ಮಿ ಬಿದ್ದಿದೆ, ಶನಿವಾರ ಕೊನೇ ದಿನ" ಅಂದರು. ಮುಂದಿನ ವಾರ ಆ ದಾರಿಯಲ್ಲಿ ಹೋದಾಗ ಗೂಟ ಖಾಲಿ ಇತ್ತು.

ಇಲ್ಲೊಂದು ಲೆಕ್ಕ ಹಾಕೋಣ. ಏಳು ತಿಂಗಳ ಗಬ್ಬಕ್ಕೆ ಹಾಲು ಬತ್ತಿಸಬೇಕು. ಅಂದರೆ ಆ ಹಸು ಇನ್ನೂ 4 ತಿಂಗಳು, 120 ದಿನ ಕರೆಯುತ್ತಿತ್ತು. ಹಾಲು ಇಳಿಯುತ್ತಾ ಹೋದರೂ ಸರಾಸರಿ 8 ಲೀಟರ್ ಎಂದಿಟ್ಟುಕೊಂಡರೆ 960 ಲೀಟರ್. ಹಿಂಡಿ, ಬೂಸಾ, ಮೇವಿನ ಖರ್ಚು ಕಳೆದು ಲೀಟರಿಗೆ 10 ರೂಪಾಯಿ ಉಳಿದರೂ 9,600 ರೂಪಾಯಿ. ಕೊರತೆ ಇದ್ದದ್ದು 9,000! ಆ ಹಸುವೇ ಫೀಸು ದುಡಿದು ಕೊಡುತ್ತಿತ್ತು. ಹೊಟ್ಟೆಯಲ್ಲಿದ್ದ ಕರು, ಮುಂದಿನ ಸೂಲಿನ ಹಾಲು ಬೇರೆ. ಆ ಮನೆಗೆ ಇಲ್ಲದೆ ಹೋದದ್ದು ನಾಲ್ಕು ತಿಂಗಳ ಅವಧಿ.

ಮಗಳು ಓದುತ್ತಿದ್ದಾಳೆ, ಸಂತೋಷ. ಆದರೆ ತಾಯಿ ಈಗ ಡೇರಿಗೆ ಹಾಲು ಹಾಕುತ್ತಿಲ್ಲ. ಎರಡನೇ ವರ್ಷದ ಫೀಸಿಗೆ ಮಾರಲು ಹಸುವೂ ಇರಲಿಲ್ಲ.

ಈ ನಾಲ್ಕು ತಿಂಗಳನ್ನು ನಾವು ಒಟ್ಟಾಗಿ ಕೊಡಿಸಬಹುದೇ? ಕೊಡಿಸಬಹುದು. ದಾರಿ ಮೂರಿವೆ.

ಮೊದಲನೆಯದು: ಸರ್ಕಾರದ ವಿದ್ಯಾರ್ಥಿವೇತನ

ಬೇರೆಲ್ಲೂ ಕೈ ಚಾಚುವ ಮೊದಲು ನಮ್ಮ ಹಕ್ಕಿನದನ್ನು ಕೇಳೋಣ. ಹಲವು ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಒಂದೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಯೋಜನೆ ಶುರುವಾಯಿತು. ಯಾವ ಯೋಜನೆಗೆ ಈ ವರ್ಷ ಅರ್ಜಿ ಕರೆದಿದ್ದಾರೆ, ಕೊನೆಯ ದಿನ ಯಾವುದು ಎಂದು ಕಾಲೇಜಿನ ಕಚೇರಿಯಲ್ಲಿ ಕೇಳಿ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಸಣ್ಣ ತಪ್ಪುಗಳಿಂದ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಇವನ್ನು ಪರೀಕ್ಷೆ ಮುಗಿದ ಏಪ್ರಿಲ್-ಮೇ ತಿಂಗಳಲ್ಲೇ ಸರಿಮಾಡಿಕೊಳ್ಳಿ. ಒಂದು ಮಾತು ನೆನಪಿರಲಿ: ಈ ಹಣ ಸಾಮಾನ್ಯವಾಗಿ ಪ್ರವೇಶ ಮುಗಿದ ಮೇಲೆ ಬರುತ್ತದೆ. ಅಲ್ಲಿಯವರೆಗಿನ ಅಂತರಕ್ಕೆ ಬೇರೆ ದಾರಿ ಬೇಕು.

ಎರಡನೆಯದು: ಸೇವಾ ಕ್ಲಬ್‌ಗಳು

ತಾಲ್ಲೂಕು ಕೇಂದ್ರದಲ್ಲಿ ರೋಟರಿ, ಲಯನ್ಸ್, ಇನ್ನರ್ ವ್ಹೀಲ್ ಬೋರ್ಡುಗಳನ್ನು ನೋಡಿರುತ್ತೀರಿ. 'ಅವು ದೊಡ್ಡವರ ಕ್ಲಬ್ಬು, ನಮಗ್ಯಾಕೆ' ಎನ್ನಬೇಡಿ. ರೋಟರಿ 1905ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಶುರುಮಾಡಿದ್ದು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರಿಂದ ಆ ಹೆಸರು ಬಂತು. ಅವರ ಮೊದಲ ಸೇವಾಕಾರ್ಯಗಳಲ್ಲಿ ಒಂದು, ಊರಿಗೆ ಸಾರ್ವಜನಿಕ ಶೌಚಾಲಯ ಕಟ್ಟಿಸಿದ್ದು. 1985ರಿಂದ ಪೋಲಿಯೋ ವಿರುದ್ಧದ ಕೆಲಸಕ್ಕೆ ರೋಟರಿ ಕೈಹಾಕಿತು. ಸರ್ಕಾರ, ಆರೋಗ್ಯ ಕಾರ್ಯಕರ್ತೆಯರು ಮತ್ತು ಇಂತಹ ಸಂಸ್ಥೆಗಳ ದುಡಿಮೆ ಕೂಡಿ 2014ರಲ್ಲಿ ಭಾರತ ಪೋಲಿಯೋಮುಕ್ತ ಎಂಬ ಮಾನ್ಯತೆ ಪಡೆಯಿತು. ಇನ್ನರ್ ವ್ಹೀಲ್ 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಮಹಿಳೆಯರ ಸಂಸ್ಥೆ.

ರೋಟರಿ, ಲಯನ್ಸ್ ಕ್ಲಬ್‌ಗಳ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಹೊಸ ಅಧ್ಯಕ್ಷರು, ಹೊಸ ಯೋಜನೆಗಳು ಆಗ ಬರುತ್ತವೆ. ಆದ್ದರಿಂದ ನಿಮ್ಮ ಮನವಿ ಮೇ-ಜೂನ್‌ನಲ್ಲೇ ತಲುಪಲಿ. ಪತ್ರ ಒಂದು ಪುಟ ಸಾಕು. ನಮ್ಮ ಸಂಘದಲ್ಲಿ ಸದಸ್ಯೆಯರು ಎಷ್ಟು, ಈ ವರ್ಷ ಕಾಲೇಜು ಸೇರುವ ಹೆಣ್ಣುಮಕ್ಕಳು ಎಷ್ಟು, ಕೊರತೆ ಎಷ್ಟು, ಅದರಲ್ಲಿ ನಾವು ಎಷ್ಟು ಹಾಕುತ್ತೇವೆ, ನಿಮ್ಮಿಂದ ಎಷ್ಟು ಬೇಕು. 'ನಾವು ಎಷ್ಟು ಹಾಕುತ್ತೇವೆ' ಎಂಬ ಸಾಲು ಇಲ್ಲದ ಪತ್ರಕ್ಕೆ ತೂಕ ಕಮ್ಮಿ.

ಮೂರನೆಯದು: ನಮ್ಮದೇ ನಿಧಿ

ಹಾಲಿನವರಿಗೆ ಇದು ಹೊಸದಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಹಾಲು ಒಕ್ಕೂಟ ಕಟ್ಟಿದ ತ್ರಿಭುವನದಾಸ್ ಪಟೇಲರು 1970ರ ದಶಕದ ಆರಂಭದಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟಾಗ, ಹಳ್ಳಿಗಳ ಸದಸ್ಯರು ತಲಾ ಒಂದೊಂದು ರೂಪಾಯಿ ಹಾಕಿ ನಿಧಿ ಅರ್ಪಿಸಿದರು. ಅವರು ಅದನ್ನು ಮನೆಗೆ ಒಯ್ಯಲಿಲ್ಲ. ತಾಯಂದಿರ, ಮಕ್ಕಳ ಆರೋಗ್ಯಕ್ಕೆ ಒಂದು ಪ್ರತಿಷ್ಠಾನ ಮಾಡಿದರು. ಒಂದು ರೂಪಾಯಿಯ ಬಲ ಅಷ್ಟು.

ನಿಮ್ಮ ಸಂಘದಲ್ಲಿ 60 ಸದಸ್ಯೆಯರು ಇದ್ದೀರಿ ಅನ್ನಿ. ಹದಿನೈದು ದಿನದ ಬಟವಾಡೆಗೆ ತಲಾ 10 ರೂಪಾಯಿ ತೆಗೆದಿಟ್ಟರೆ ಒಂದು ಬಟವಾಡೆಗೆ 600, ವರ್ಷದ 24 ಬಟವಾಡೆಗೆ 14,400 ರೂಪಾಯಿ. ಆ ತಾಯಿಯ 9,000 ಕೊಟ್ಟೂ 5,400 ಉಳಿಯುತ್ತಿತ್ತು. ಕಾಲೇಜಿನ ಫೀಸಿಗೆ ಇದನ್ನು ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟು, ನಾಲ್ಕು ತಿಂಗಳ 8 ಬಟವಾಡೆಗಳಲ್ಲಿ 1,125ರಂತೆ ಮರಳಿ ಪಡೆದರೆ, ಅದೇ ಹಣ ಇನ್ನೊಂದು ಮನೆಗೂ ಆಗುತ್ತದೆ. ಹಸು ಇಲ್ಲದ, ಗಂಡನಿಲ್ಲದ ಮನೆಗಳಿಗೆ ಮಾತ್ರ ಮರಳಿಸಬೇಕಿಲ್ಲದ ಸಹಾಯ ಇಟ್ಟುಕೊಳ್ಳಬಹುದು.

ಬಟವಾಡೆಯಲ್ಲಿ ಹಿಡಿಯಲು ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಬೇಕು, ಬಲವಂತ ಬೇಡ. ಸಂಘದ ಹಣಕ್ಕೂ ಈ ಹಣಕ್ಕೂ ಬೆರಕೆ ಆಗಬಾರದು. ಸ್ತ್ರೀಶಕ್ತಿ ಗುಂಪಿನ ಮೂಲಕ ಪ್ರತ್ಯೇಕ ಖಾತೆಯಲ್ಲಿ ನಡೆಸುವುದು ಸುಲಭ. ಸಂಘದ ಲಾಭದಿಂದ ಕೊಡುವ ಯೋಚನೆಯಿದ್ದರೆ ಬೈಲಾದಲ್ಲಿ ಅವಕಾಶವಿದೆಯೇ ಎಂದು ಒಕ್ಕೂಟದ ವಿಸ್ತರಣಾಧಿಕಾರಿಯವರನ್ನು ಕೇಳಿ, ಮಹಾಸಭೆಯ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಹಣ ಕೂಡಿಸುವ ಕಾರ್ಯಕ್ರಮ: ರಾಸುಗಳಿಗೆ ತೊಂದರೆ ಬೇಡ

ಕೆಲವು ಊರುಗಳಲ್ಲಿ ಹಾಲು ಕರೆಯುವ ಸ್ಪರ್ಧೆ, ಕರುಗಳ ಪ್ರದರ್ಶನ ಇಟ್ಟು ನಿಧಿ ಕೂಡಿಸುವ ಯೋಚನೆ ಮಾಡುತ್ತಾರೆ. ಒಳ್ಳೆಯದೇ. ಪ್ರವೇಶ ಶುಲ್ಕ, ಅಂಗಡಿಯವರ ಕೊಡುಗೆ, ನೀವೇ ಮಾಡಿದ ತಿಂಡಿಯ ಮಳಿಗೆ, ಎಲ್ಲದರಿಂದಲೂ ಹಣ ಬರುತ್ತದೆ. ಪಶುವೈದ್ಯೆಯಾಗಿ ನನ್ನ ಷರತ್ತುಗಳು ಇವು:

1. ಹತ್ತೂರಿನ ರಾಸು ಒಂದೆಡೆ ಸೇರಿದರೆ ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಹರಡುವ ಭಯ. ಕನಿಷ್ಠ ಮೂರು ವಾರ ಮೊದಲೇ ಲಸಿಕೆ ಆಗಿರಬೇಕು. ರೋಗ ಕಂಡ ಊರಿನ ರಾಸು ಬರಬಾರದು.
2. ತುಂಬು ಗಬ್ಬದ ಹಸುಗಳನ್ನು ಗಾಡಿ ಹತ್ತಿಸಬೇಡಿ.
3. ಹಿಂದಿನ ದಿನ ಎಲ್ಲ ಹಸುಗಳ ಕೆಚ್ಚಲನ್ನು ತೀರ್ಪುಗಾರರ ಎದುರು ಪೂರ್ತಿ ಖಾಲಿ ಮಾಡಿಸಿ. ಆಗಲೇ ಪೈಪೋಟಿ ಸಮನಾಗುವುದು.
4. ಹಾಲು ಇಳಿಸಲು ಚುಚ್ಚುಮದ್ದು ಕೂಡದು. ಅದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ.
5. ನೆರಳು, ನೀರು ಇಲ್ಲದ ಬಯಲಲ್ಲಿ ಸೀಮೆ ಹಸು ಕಟ್ಟಬೇಡಿ.

ಇನ್ನೊಂದು ಎಚ್ಚರಿಕೆ. ಲಕ್ಕಿ ಡಿಪ್ ಟಿಕೆಟ್ ಮಾರುವ ಸಲಹೆ ಯಾರಾದರೂ ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಆ ದಾರಿಗೆ ಹೋಗಬೇಡಿ.

ಕೊಡುವ ಕೈ ಹೇಗಿರಬೇಕು

ನಾನು ಪಿಯುಸಿ ಓದುವಾಗ ಒಂದು ಸಂಸ್ಥೆಯವರು ಪುಸ್ತಕಕ್ಕೆಂದು ಹಣ ಕೊಟ್ಟರು. ಅದಿಲ್ಲದಿದ್ದರೆ ಆ ವರ್ಷ ಕಷ್ಟವಿತ್ತು, ಋಣ ಮರೆತಿಲ್ಲ. ಆದರೆ ವೇದಿಕೆಗೆ ಕರೆದು ಮೈಕಿನಲ್ಲಿ "ಈಕೆ ಕಡುಬಡವರ ಮಗಳು" ಅಂದರು. ಎದುರಿಗೆ ಕೂತಿದ್ದ ನಮ್ಮಮ್ಮ ಸೆರಗು ಮುಖಕ್ಕೆ ಹಿಡಿದುಕೊಂಡದ್ದು ಇವತ್ತಿಗೂ ಕಣ್ಣಮುಂದಿದೆ. ಎರಡು ಹಸು ಕಟ್ಟಿ, ನಾಲ್ಕು ಗಂಟೆಗೆ ಎದ್ದು ದುಡಿದು ನಮ್ಮನ್ನು ಸಾಕಿದವಳು ಆಕೆ. ಆದ್ದರಿಂದ ಸಹಾಯ ಪಡೆದವರ ಫೋಟೋ, ಹೆಸರು ಬೋರ್ಡಿಗೆ ಬೇಡ. ಬೋರ್ಡಿಗೆ ಬರಬೇಕಾದದ್ದು ಲೆಕ್ಕ: ಬಂದದ್ದು ಎಷ್ಟು, ಹೋದದ್ದು ಎಷ್ಟು, ಉಳಿದದ್ದು ಎಷ್ಟು. ಡೇರಿಯಲ್ಲಿ ಅಳತೆ, ಫ್ಯಾಟ್ ನಮ್ಮ ಕಣ್ಣೆದುರೇ ಆಗಬೇಕು ಎನ್ನುತ್ತೇವಲ್ಲ, ಇಲ್ಲಿಯೂ ಹಾಗೆಯೇ.

ಖಾತೆಗೆ ಮೂವರ ಸಹಿ ಇರಲಿ. ಯಾರಿಗೆ ಕೊಡಬೇಕೆಂಬ ನಿಯಮವನ್ನು ಅರ್ಜಿ ಬರುವ ಮೊದಲೇ ಬರೆದಿಡಿ. ಸಮಿತಿಯವರ ಮಕ್ಕಳ ಅರ್ಜಿ ಬಂದಾಗ ಅವರು ಆ ಸಭೆಯಿಂದ ಎದ್ದು ಹೊರಗಿರಲಿ. ಅಂಕವೊಂದನ್ನೇ ನೋಡಬೇಡಿ, ಬೆಳಿಗ್ಗೆ ಸಗಣಿ ಬಾಚಿ, ಹಾಲು ಹಾಕಿ, ಬಸ್ಸು ಹಿಡಿಯುವ ಹುಡುಗಿಯ 60 ಅಂಕಕ್ಕೂ ಬೆಲೆಯಿದೆ. ಮುಖ್ಯವಾಗಿ, ಮೂವರಿಗೆ ಒಂದೊಂದು ವರ್ಷ ಕೊಟ್ಟು ಕೈಬಿಡುವುದಕ್ಕಿಂತ ಒಬ್ಬಳ ಜೊತೆ ಕೋರ್ಸು ಮುಗಿಯುವವರೆಗೆ ನಿಲ್ಲುವುದು ಮೇಲು.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಕಳೆದ ಎರಡು ವರ್ಷದಲ್ಲಿ ಫೀಸಿಗಾಗಿ ಎಷ್ಟು ಹಸು ಮಾರಿದ್ದಾರೆ?
2. ಈ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸುವ ಹೆಣ್ಣುಮಕ್ಕಳು ಯಾರು ಯಾರು? ಅವರ ಕಾಗದಪತ್ರ ಸರಿಯಿವೆಯೇ?
3. ಬಟವಾಡೆಗೆ 10 ರೂಪಾಯಿ ಹಾಕಲು ಎಷ್ಟು ಜನ ಒಪ್ಪುತ್ತೀರಿ?

ಇನ್ನು ಮುಂದೆ ಗಬ್ಬ ಪರೀಕ್ಷೆಗೆ ನನ್ನನ್ನು ಕರೆದಾಗ, ಮಾರುವುದಕ್ಕೋ ಸಾಕುವುದಕ್ಕೋ ಎಂದು ನಾನೂ ಕೇಳುತ್ತೇನೆ. ಫೀಸಿಗಾಗಿ ಮಾರುವುದಾದರೆ, ದಲ್ಲಾಳಿಗೆ ಹೇಳುವ ಮೊದಲು ಸಂಘದ ನಾಲ್ಕು ಜನ ಅಕ್ಕತಂಗಿಯರಿಗೆ ಒಂದು ಮಾತು ಹೇಳಿ.